ಅಜ್ಜನ ಕೇಪಿನ ಕೋವಿ, ನನ್ನ ರೈಫಲ್ಲು ಮತ್ತು 430 ಗಜ

ಇಲ್ಲಿ ಬರೆಯದೆ ಮೂರು ತಿಂಗಳಾಯ್ತು. ಆಫೀಸಲ್ಲಿ ಕೆಲಸ ಜಾಸ್ತಿ ಅಂತ ಸುಳ್ಳು ಹೇಳೋಲ್ಲ. ಶನಿವಾರ ಬಂತಂದ್ರೆ ಡೆನ್ವರ್ ಊರಾಚೆಯ ಬಯಲಲ್ಲಿ ಬೋರಲು ಮಲಗಿ, ದೂರದ ಕಬ್ಬಿಣದ ತಟ್ಟೆಗೆ ಗುಂಡು ಹೊಡೀತಿದ್ದೆ. ಹೌದು, ಜಾವಾ ಕೋಡ್ ಬರೆದು ಹೊಟ್ಟೆ ಹೊರೆಯೋ ನಾನೇ.

ನಮ್ಮದು ಕೊಪ್ಪದ ಹತ್ತಿರದ ಹಳ್ಳಿ. ಮನೆಯ ಜಗಲಿ ಗೋಡೆಯ ಮೇಲೆ ಅಜ್ಜನ ಕೇಪಿನ ಕೋವಿ ತೂಗುಹಾಕಿದೆ. ತೇಜಸ್ವಿ ಓದಿದವರಿಗೆ ಅದೇನು ಅಂತ ವಿವರಿಸೋ ಅಗತ್ಯವಿಲ್ಲ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸು. ಪ್ರತಿ ಚುನಾವಣೆಗೂ ಅದನ್ನು ಸ್ಟೇಷನ್ನಿಗೆ ಕೊಟ್ಟು, ಮುಗಿದ ಮೇಲೆ ಮತ್ತೆ ಹೊತ್ತುಕೊಂಡು ಬರೋದೇ ಅದಕ್ಕಿರೋ ತಿರುಗಾಟ. ಅಜ್ಜ ಅದರಿಂದ ಈಡು ಹೊಡೆದದ್ದನ್ನು ನಾನು ನೋಡೇ ಇಲ್ಲ. ಯಾಕೆ ಅಂತ ಒಂದು ಸಲ ಕೇಳಿದ್ದೆ. 1972ರ ವನ್ಯಜೀವಿ ಕಾಯ್ದೆಗೂ ಮುಂಚಿನ ಕತೆ. ಗದ್ದೆಗೆ ಬಂದ ಹಂದಿಗೆ ಕತ್ತಲಲ್ಲಿ, ಅಂದಾಜಿನ ಮೇಲೆ ಹೊಡೆದರಂತೆ. ತಗುಲಿತು, ಸಾಯಲಿಲ್ಲ. ಎರಡು ದಿನ ರಕ್ತದ ಜಾಡು ಹಿಡಿದು ಹುಡುಕಿದರೂ ಸಿಗಲಿಲ್ಲ. "ಎಲ್ಲೋ ಕೊಳೆತುಕೊಂಡು ಸತ್ತಿರ್ತದೆ" ಅಂದು ಎಲೆ ಅಡಿಕೆ ತಟ್ಟೆ ಹತ್ತಿರ ಎಳ್ಕೊಂಡ್ರು. ಅಷ್ಟೇ ಮಾತು.

ಈಗ ಅಮೆರಿಕಾ ಕತೆಗೆ ಬರ್ತೀನಿ. ನಮ್ಮ ಟೀಮಿನಲ್ಲೊಬ್ಬ ಹಿರಿಯ ಇದ್ದಾನೆ, ಮೂವತ್ತು ವರ್ಷದಿಂದ ಬೇಟೆಯಾಡ್ತಿರೋನು. ಇಲ್ಲಿ ಅವನನ್ನು ಗುರು ಅಂತ ಕರೀತೀನಿ. ಕೋವಿ ವಿಷಯ ಮಾತಾಡಿ ಮಾತಾಡಿ ನನಗೂ ಹುಚ್ಚು ಹತ್ತಿಸಿದ. ಎಚ್1ಬಿ ಮೇಲಿರೋರಿಗೆ ಇಲ್ಲಿನ ಫೆಡರಲ್ ಕಾನೂನಿನಲ್ಲಿ ಬಂದೂಕು ಇಟ್ಕೊಳ್ಳೋದೇ ನಿಷಿದ್ಧ. ಆದ್ರೆ ಕೆಲವು ವಿನಾಯಿತಿಗಳಿವೆ. ಅದರಲ್ಲೊಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸು. ಲೈಸೆನ್ಸ್ ಅವಧಿ ಮುಗಿದ್ರೆ ವಿನಾಯಿತಿಯೂ ಮುಗೀತು. ವೀಸಾದ ಹಾಗೆ ಇದಕ್ಕೂ ತಾರೀಖು ನೋಡ್ಕೊಳ್ತಾ ಇರಬೇಕು ನೋಡಿ!

ಆ ಲೈಸೆನ್ಸಿಗೂ ಮೊದಲು ಪಾಠ. ಕೊಲೊರಾಡೋದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರೂ ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ಇಂಜಿನಿಯರಿಂಗ್ ನಂತರ ಮೊದಲ ಸಲ ಪರೀಕ್ಷೆಗೆ ಅಂತ ಓದಿದೆ. ಜಿಂಕೆಯ ಪರ್ಮಿಟ್ಟು ಲಾಟರಿಯಲ್ಲಿ, ಅದೃಷ್ಟಕ್ಕೆ ಸಿಕ್ತು. ಮಾಂಸ ಹಾಳುಮಾಡಿದ್ರೆ ದಂಡ. ಮೈಮೇಲೆ ಹೊಳೆಯೋ ಕಿತ್ತಳೆ ಬಣ್ಣ ಕಡ್ಡಾಯ. ಗುಲಾಬಿಯೂ ನಡೆಯುತ್ತೆ.

ಯಾವ ರೈಫಲ್ ತಗೊಳ್ಳೋದು ಅಂತ ಸುಮಾರು ಒಂದೂವರೆ ತಿಂಗಳು ತಲೆ ಕೆಡಿಸಿಕೊಂಡೆ. ನಾವು ಲ್ಯಾಪ್‌ಟಾಪ್ ಕೊಳ್ಳೋ ಹಾಗೇ, ಸ್ಪ್ರೆಡ್‌ಶೀಟ್ ಮಾಡಿದ್ದೆ ಮಾರಾಯ್ರೆ! 1906ರ .30-06, 1952ರ .308 ವಿಂಚೆಸ್ಟರ್, ದೊಡ್ಡ ಮ್ಯಾಗ್ನಮ್‌ಗಳು ಎಲ್ಲವೂ ಅದರಲ್ಲಿದ್ದವು. ಗುರು ನೋಡಿ ನಕ್ಕ. "ದೊಡ್ಡದು ತಗೋಬೇಡ. ಭುಜಕ್ಕೆ ಒದೆಯುತ್ತೆ, ಟ್ರಿಗರ್ ಎಳೆಯೋ ಮೊದಲೇ ಕಣ್ಣು ಮುಚ್ಚೋ ಅಭ್ಯಾಸವಾಗುತ್ತೆ. ಒಂದು ಸಲ ಆಯ್ತು ಅಂದ್ರೆ ಬಿಡಿಸೋಕೆ ವರ್ಷ ಬೇಕು" ಅಂದ. ಕೊನೆಗೆ ತಗೊಂಡದ್ದು ಫಿನ್‌ಲ್ಯಾಂಡಿನ ಟಿಕ್ಕಾ, 6.5 ಕ್ರೀಡ್‌ಮೋರ್. ಮೂರು ಕೇಜಿ ಆಸುಪಾಸು, ಬೆಟ್ಟ ಹತ್ತೋಕೆ ಹಗುರ. ಒದೆತ ಕಡಿಮೆ. ಗುಂಡು ತೆಳ್ಳಗೆ ಉದ್ದ, ಗಾಳಿಯನ್ನು ಚೆನ್ನಾಗಿ ಸೀಳುತ್ತೆ. ಅದನ್ನು ನೆಟ್ಟಗೆ ತಿರುಗಿಸೋಕೆ ನಳಿಗೆಯೊಳಗಿನ ಗೀರುಗಳು 8 ಇಂಚಿಗೆ ಒಂದು ಸುತ್ತು ಹಾಕ್ತವೆ. ರೈಫಲ್ಲಿಗೆ ಎಷ್ಟೋ ಅಷ್ಟೇ ದುಡ್ಡು ಮೇಲಿನ ದುರ್ಬೀನಿಗೂ ಹಾಕಿಸಿದ. ಹಣ ಕಟ್ಟಿ, ಹಿನ್ನೆಲೆ ತಪಾಸಣೆ ಆಗಿ, 2023ರ ಅಕ್ಟೋಬರಿನಿಂದ ಇಲ್ಲಿ ಕಡ್ಡಾಯವಾಗಿರೋ ಮೂರು ದಿನ ಕಾದು ಮನೆಗೆ ತಂದೆ.

ಮೊದಲ ತಿಂಗಳು ಬೇಜಾರು. ಗುಂಡೇ ಇಲ್ಲದ ಕೋವಿ ಹಿಡಿದು ಟ್ರಿಗರ್ ಒತ್ತೋದು, ಅಷ್ಟೇ. ಆಮೇಲೆ 100 ಗಜಕ್ಕೆ ಗುರಿ ಹೊಂದಿಸಿದ್ವಿ. ಗುರು ನನಗೆ ಗೊತ್ತಾಗದ ಹಾಗೆ ಮಧ್ಯೆ ಮಧ್ಯೆ ಮದ್ದಿಲ್ಲದ ಹುಸಿ ತೋಟಾ ಸೇರಿಸಿಬಿಡ್ತಿದ್ದ. ಈಡು ಹಾರದಿದ್ರೂ ನನ್ನ ಕೋವಿಯ ಮೂತಿ ಕೆಳಗೆ ಕುಕ್ಕುತ್ತಿತ್ತು. ನಾಚಿಕೆಗೇಡು!

300 ಗಜ ದಾಟಿದ ಮೇಲೆ ಮಜಾ ಶುರು. ಎಲ್ಲ ಪಿಯುಸಿ ಫಿಸಿಕ್ಸೇ. 100 ಗಜಕ್ಕೆ ಹೊಂದಿಸಿದ ಗುರಿಯಲ್ಲಿ 500 ಗಜಕ್ಕೆ ಹೊಡೆದ್ರೆ ಗುಂಡು ಸುಮಾರು ನಾಲ್ಕು ಅಡಿ ಕೆಳಗೆ ಬೀಳುತ್ತೆ. ಆದ್ರೆ ಅದು ಲೆಕ್ಕ, ಫೋನು ಮಾಡಿಕೊಡುತ್ತೆ. ದುರ್ಬೀನಿನ ಗುಂಡಿ ಅಷ್ಟು ತಿರುಗಿಸಿದ್ರಾಯ್ತು. ಕಷ್ಟ ಇರೋದು ಗಾಳಿಯಲ್ಲಿ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಅದೇ ಗುಂಡನ್ನು ಒಂದಡಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತೆ. ನಾನಿರೋ ಕಡೆ ಒಂದು ಗಾಳಿ, ನಡುವೆ ಇನ್ನೊಂದು, ತಟ್ಟೆ ಹತ್ತಿರ ಮತ್ತೊಂದು. ಹುಲ್ಲು ನೋಡಬೇಕು, ಬಿಸಿಲಝಳ ಯಾವ ಕಡೆ ಹರೀತಿದೆ ನೋಡಬೇಕು. ಯಾವ ಆ್ಯಪೂ ಅದನ್ನು ನೋಡಿ ಹೇಳೋಲ್ಲ. 600 ಗಜದಲ್ಲಿ ಮೊದಲ ಸಲ ತಟ್ಟೆಗೆ ತಗುಲಿ, ತುಸು ಹೊತ್ತು ಬಿಟ್ಟು 'ಠಣ್' ಅಂತ ಸದ್ದು ಬಂದಾಗ ಕುಣಿದುಬಿಟ್ಟೆ.

ಅವತ್ತೇ ಗುರು ನನ್ನ ಕೊಬ್ಬು ಇಳಿಸಿದ. ಕಾಗದದ ಊಟದ ತಟ್ಟೆಯೊಂದನ್ನು ಸಿಕ್ಕಿಸಿದ. ಜಿಂಕೆಯ ಎದೆಗೂಡಿನಲ್ಲಿ ನಾವು ಹೊಡೀಬೇಕಾದ ಜಾಗ ಹೆಚ್ಚುಕಡಿಮೆ ಅಷ್ಟೇ ಅಗಲ. "ಗುಡ್ಡ ಓಡಿ ಹತ್ತಿ ಬಾ. ಏದುಸಿರು ಬಿಡ್ತಾ ಕೂತು ಐದು ಹೊಡಿ. ಐದಕ್ಕೆ ಐದೂ ತಟ್ಟೆಗೆ ಬೀಳೋ ದೂರವೇ ನಿನ್ನ ದೂರ. ನಾಲ್ಕು ಬಿದ್ರೆ ಲೆಕ್ಕಕ್ಕಿಲ್ಲ" ಅಂದ. 400 ಗಜದಲ್ಲಿ ಎರಡು ಬಿತ್ತು. 300ರಲ್ಲಿ ನಾಲ್ಕು. 250ಕ್ಕೆ ಐದೂ ಬಿತ್ತು. ರೈಫಲ್ಲಿನ ಹಿಡಿಗೆ ಅವನೇ ಟೇಪ್ ಅಂಟಿಸಿ 250 ಅಂತ ಬರೆದ.

ನವೆಂಬರಿನ ಬೆಳಗ್ಗೆ, ಸೂರ್ಯ ಹುಟ್ಟಿ ಇನ್ನೂ ಗಂಟೆಯಾಗಿರಲಿಲ್ಲ. ಎದುರಿನ ಇಳಿಜಾರಿನಲ್ಲಿ ಗಂಡು ಮ್ಯೂಲ್ ಡೀರ್, ಮೊರದಂಥ ಕಿವಿ, ಒಳ್ಳೇ ಕೊಂಬು. ದೂರಮಾಪಕ 430 ಅಂತು. ಮಧ್ಯೆ ಬೋಳು ಕಣಿವೆ, ಹತ್ತಿರ ಹೋಗೋಕೆ ಮರೆಯೇ ಇಲ್ಲ. ಫೋನು 2.1 ಮಿಲ್ ತಿರುಗಿಸು ಅಂತು. ತಿರುಗಿಸಿದೆ. ಸುಳ್ಳು ಯಾಕೆ ಹೇಳಲಿ, ಬೆರಳು ಟ್ರಿಗರ್ ಹತ್ತಿರ ಹೋಗಿತ್ತು. ಆ ರೈಫಲ್ಲಿಗೆ ಅದು ಆಗದ ಕೆಲಸವೇ ಅಲ್ಲ. ಮಲಗಿ ಹೊಡೆದ್ರೆ 430ರ ಕಬ್ಬಿಣದ ತಟ್ಟೆ ನನಗೇ ಎಷ್ಟೋ ಸಲ ಸಿಕ್ಕಿದೆ. ಆದ್ರೆ ನನ್ನ ಕಾಲಬುಡದ ಹುಲ್ಲು ಎಡಕ್ಕೆ ಬಾಗಿತ್ತು, ಅದರ ಕಾಲಬುಡದ್ದು ಬಲಕ್ಕೆ. ಗುಂಡು ಅಲ್ಲಿಗೆ ಮುಟ್ಟೋಕೆ ಅರ್ಧ ಸೆಕೆಂಡು. ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಇಟ್ರೆ, ಎದೆಗೆ ಹೊಡೆದದ್ದು ಹೊಟ್ಟೆಗೆ. ತಪ್ಪಿದ್ರೆ ತಟ್ಟೆ ಏನೂ ಅನ್ನೋಲ್ಲ. ಕೆನ್ನೆಯ ಹತ್ತಿರವೇ ಆ ಟೇಪು ಇತ್ತು.

ಗುಂಡು ಹೊರತೆಗೆದು ಜೇಬಿಗೆ ಹಾಕ್ಕೊಂಡೆ. ಬಳಸಿಕೊಂಡು ಹತ್ತಿರ ಹೋಗೋಣ ಅಂತ ಮುಕ್ಕಾಲು ಗಂಟೆ ನಡೆದೆ. ಅಷ್ಟರಲ್ಲಿ ಅದು ಗುಡ್ಡ ದಾಟಿ ಹೋಗಿತ್ತು. ಉಳಿದ ಮೂರು ದಿನವೂ ಏನೂ ಸಿಗಲಿಲ್ಲ. ಬೇಜಾರಾಗಲಿಲ್ಲ ಅಂದ್ರೆ ನಂಬಬೇಡಿ, ತುಂಬಾ ಆಯ್ತು.

ಭಾನುವಾರ ಊರಿಗೆ ಫೋನ್ ಮಾಡಿ ಅಜ್ಜನಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ.

"ಎಷ್ಟು ಖರ್ಚಾಯ್ತು ಒಟ್ಟು?" ಅಂದ್ರು.

ಹೇಳಿದೆ.

"ಹೊಡೀದೆ ಬರೋದನ್ನ ಕಲಿಯೋಕೆ ಅಷ್ಟು ಬೇಕಾಯ್ತಾ? ನಂಗೆ ಒಂದೇ ಈಡಿಗೆ ಗೊತ್ತಾಯ್ತು" ಅಂದು, ಅಪ್ಪನಿಗೆ ಫೋನ್ ಕೊಟ್ಟುಬಿಟ್ರು.

ಮುಂದಿನ ವರ್ಷಕ್ಕೆ ಟೇಪಿನ ಮೇಲಿನ ಸಂಖ್ಯೆ 300 ಮಾಡ್ಬೇಕು ಅಂತಿದೀನಿ. ಐದಕ್ಕೆ ಐದೂ ಬಿದ್ರೆ ಮಾತ್ರ. ನಿಮ್ಮ ಮನೆಯಲ್ಲೂ ಗೋಡೆ ಮೇಲೆ ಕೋವಿ ಇದ್ರೆ, ಅದರ ಕತೆ ಕೇಳಿಟ್ಕೊಳ್ಳಿ. ಹೇಳೋರು ಇರೋವಾಗಲೇ.