ಯಾವೂರಾಯ್ತು?

ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ, ಚೀಲವನ್ನು ಕಾಲಡಿ ತಳ್ಳಿ ಕೂರುವಷ್ಟರಲ್ಲಿ ಪಕ್ಕದವರು ಕೇಳಿಯೇ ಬಿಡುತ್ತಾರೆ: ‘ಯಾವೂರಾಯ್ತು?’ ಊರು ಹೇಳಿದರೆ ಸಾಲದು. ಯಾವ ಬೀದಿ, ಯಾರ ಮನೆ. ಚಾಮರಾಜನಗರ ಬರುವುದರೊಳಗೆ ಏನಾದರೊಂದು ನಂಟು ಹೊರಟಿರುತ್ತದೆ.

ಮೊನ್ನೆ ಗುಂಡ್ಲುಪೇಟೆಯ ಅಣ್ಣನ ಮನೆಯಲ್ಲಿ ಈ ಪ್ರಶ್ನೆಗೆ ಬೇರೆಯದೇ ಉತ್ತರ ಸಿಕ್ಕಿತು. ಅಣ್ಣನ ಮಗ ಮನೆಯಲ್ಲೇ ಕೂತು ಬೆಂಗಳೂರಿನ ಆಫೀಸಿನ ಕೆಲಸ ಮಾಡುವವನು. ‘ನಿನ್ನ ಐಪಿ ಅಡ್ರೆಸ್ ಕಳಿಸು, ಅದಕ್ಕೆ ಮಾತ್ರ ಬಾಗಿಲು ತೆಗೀತೀವಿ’ ಎಂದಿದ್ದರಂತೆ ಆಫೀಸಿನವರು. ಐಪಿ ಅಡ್ರೆಸ್ ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ವಿಳಾಸ, ಅದನ್ನು ಹೇಳುವುದಕ್ಕೆಂದೇ ವೆಬ್‌ಸೈಟುಗಳಿವೆ. ತೆರೆದ. ಚುಕ್ಕಿ ಇಟ್ಟ ನಾಲ್ಕು ತುಂಡಿನ ನಂಬರು, ಕೆಳಗೆ ಊರಿನ ಹೆಸರು: ಚೆನ್ನೈ.

‘ಅದ್ಯಾವಾಗ್ಲಾ ಹೋಗಿದ್ದೆ ಚೆನ್ನೈಗ?’ ಎಂದರು ಅತ್ತಿಗೆ.

ಆ ಸೈಟಿನದು ಮಂತ್ರವಿದ್ಯೆಯೇನಲ್ಲ. ಉತ್ತರ ಕಳಿಸಲು ವಿಳಾಸ ಬೇಕಲ್ಲ, ನಾವು ಹಾಕಿದ ಕಾಗದದ ಮೇಲಿನ ‘ಇಂದ’ವನ್ನೇ ನಮಗೆ ಓದಿ ಹೇಳುತ್ತದೆ. ನಂಬರು ನಿಜ, ಊರು ಅಂದಾಜು. ನಂಬರಿನೊಳಗೆ ಊರು ಇರುವುದೇ ಇಲ್ಲ. ಅದು ಯಾವ ಕಂಪನಿಯದು, ಎಲ್ಲಿಂದ ಹೊರಬೀಳುತ್ತದೆ ಎಂದು ನೋಡಿ ಯಾರೋ ಪಟ್ಟಿ ಮಾಡಿಟ್ಟಿರುತ್ತಾರೆ. ಊರು ಗೊತ್ತಾಗದ ಅಮೆರಿಕದ ನಂಬರುಗಳನ್ನೆಲ್ಲ ಅಂಥದೊಂದು ಪಟ್ಟಿ ಕಾನ್ಸಸ್ಸಿನ ಒಂದು ತೋಟದ ಮನೆಗೆ ಕಟ್ಟಿತ್ತು. ಆ ನಂಬರುಗಳ ಜಾಡು ಹಿಡಿದು ವರ್ಷಗಟ್ಟಲೆ ಪೊಲೀಸರು ಆ ಮನೆಯ ಬಾಗಿಲು ತಟ್ಟಿದರು. ಸಂಗತಿ ಬಯಲಾದದ್ದು 2016ರಲ್ಲಿ. ಹಾಗೆ ನೋಡಿದರೆ ನಮಗೆ ಚೆನ್ನೈ ಸಿಕ್ಕಿದ್ದು ಪುಣ್ಯ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಗುವ ತನಕ ನಾವೂ ಮೈಸೂರಿನ ಲೆಕ್ಕದಲ್ಲೇ ಇದ್ದವರು, ಇನ್ನೊಬ್ಬರ ಊರಿನ ಹೆಸರು ಹೊರುವುದು ಹೊಸದಲ್ಲ.

ನಂಬರೂ ನಮ್ಮೊಬ್ಬರದೇ ಅಲ್ಲ. 1981ರ ಲೆಕ್ಕಾಚಾರದಲ್ಲಿ ಒಟ್ಟು ವಿಳಾಸಗಳು ಸುಮಾರು 429 ಕೋಟಿ, ಲೋಕಕ್ಕೆ ಸಾಲಲಿಲ್ಲ. ಎಂಟು ತುಂಡಿನ ಉದ್ದನೆಯ ಹೊಸ ವಿಳಾಸ ಬಂದಿದೆ, ಆದರೂ ಹಳೆಯದರ ಬಳಕೆ ನಿಂತಿಲ್ಲ. ಹಾಗಾಗಿ ಕಂಪನಿಗಳು ಒಂದೇ ನಂಬರನ್ನು ನೂರಾರು ಮಂದಿಗೆ ಹಂಚುತ್ತವೆ. ನಮ್ಮಪ್ಪನ ಕಾಲದಲ್ಲಿ ಊರಿನ ಕಾಗದಗಳೆಲ್ಲ ‘ಕೇರಾಫ್ ಶೆಟ್ಟರ ಅಂಗಡಿ’ ಎಂದು ಬರುತ್ತಿದ್ದವು. ಬೆಲ್ಲದ ಕೈ ಒರೆಸಿಕೊಂಡು ಶೆಟ್ಟರು ಇದು ಮೇಲಿನ ಬೀದಿಯದು, ಇದು ಕೆರೆ ಹಿಂದಿನವರದು ಎಂದು ವಿಂಗಡಿಸುತ್ತಿದ್ದರು. ಈಗ ಕಂಪನಿಯ ಯಂತ್ರ ಮಾಡುವುದೂ ಅದನ್ನೇ, ಬೆಲ್ಲ ಒಂದಿಲ್ಲ.

ಹುಡುಗ ನಂಬರು ಕಳಿಸಿದ, ಬಾಗಿಲು ತೆರೆಯಿತು. ಮಧ್ಯಾಹ್ನ ಕರೆಂಟು ಹೋಗಿ ಬಂತು, ರೂಟರ್ ಮತ್ತೆ ಹೊತ್ತಿಕೊಂಡಿತು, ಆಫೀಸಿನ ಬಾಗಿಲು ಮುಚ್ಚಿತ್ತು. ನಂಬರು ಬದಲಾಗಿತ್ತು. ಲಾಡ್ಜಿನ ರೂಮಿನಂತೆ, ಖಾಲಿ ಇದ್ದದ್ದನ್ನು ಕೊಡುತ್ತಾರೆ. ಅದೇ ಬೇಕೆಂದರೆ ಬೇರೆ ದುಡ್ಡು. ಹುಡುಗ ತಲೆ ಕೆರೆದುಕೊಂಡು ಸೈಟು ತೆರೆದ.

‘ಈಗ ಎಲ್ಲಿದ್ದಿಯಂತೆ?’ ಒಳಗಿನಿಂದ ಅತ್ತಿಗೆ.

‘ಬೆಂಗಳೂರು ಕಣವ್ವ.’

‘ಹತ್ರುಕ್ಕ ಬಂದಲ್ಲ. ಊಟ ಮಾಡ್ಕಂಡು ಹೋಗು, ಮುದ್ದೆ ಆರೋಯ್ತದ.’