ಮುಚ್ಚಿಟ್ಟ ಲೆಕ್ಕ

ನಾವು ಸಾಂಗೆಯಲ್ಲಿ ಕಿರಾಣಿ ಅಂಗಡಿ ಇಟ್ಟು 40 ವರ್ಷಗಳಾದವು. ಅಂಗಡಿಯ ಲೆಕ್ಕದಲ್ಲಿ ಒಂದು ಪೈಸೆಯನ್ನೂ ಮುಚ್ಚಿಟ್ಟವರಲ್ಲ. ಆದರೆ ಮನೆಯ ಒಂದು ಲೆಕ್ಕವನ್ನು ಮುಚ್ಚಿಟ್ಟೆವು. ಬೇರೆಯವರಿಗೆ ಹಾಗಾಗದಿರಲೆಂದು ಬರೆಯುತ್ತಿದ್ದೇವೆ.

ನಮ್ಮ ತಂದೆಯವರಿಗೆ 22ನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದಿತ್ತು. ದಿವಂಗತ ಅಣ್ಣನವರಿಗೂ ಹಾಗೆಯೇ. ಇಬ್ಬರೂ ತೆಳ್ಳಗಿನ ಮೈಯವರು. ಅಣ್ಣನ ಮಗನಿಗೆ 17ನೇ ವಯಸ್ಸಿನಲ್ಲಿ ಕಾಣಿಸಿಕೊಂಡಾಗ ವೈದ್ಯರು, "ಮನೆತನದಲ್ಲಿ ಯಾರಿಗಾದರೂ ಇತ್ತೇ?" ಎಂದು ಕೇಳಿದರು. ಆಗ ಹುಡುಗನ ಅಕ್ಕನಿಗೆ ಸಂಬಂಧ ನೋಡುತ್ತಿದ್ದೆವು. ನಾಲ್ಕು ಜನರಿಗೆ ತಿಳಿಯಬಾರದೆಂದು "ಯಾರಿಗೂ ಇಲ್ಲ" ಎಂದುಬಿಟ್ಟೆವು. ಹುಡುಗ ಎರಡು ವರ್ಷ ದಿನವೂ ಇನ್ಸುಲಿನ್ ಚುಚ್ಚಿಕೊಂಡ.

ಕೊನೆಗೆ ಅತ್ತಿಗೆಯವರೇ ನಿಜ ಹೇಳಿದರು. ವೈದ್ಯರು ರಕ್ತವನ್ನು ಜೀನ್ ಪರೀಕ್ಷೆಗೆ ಕಳುಹಿಸಿದರು. ಎಚ್‌ಎನ್‌ಎಫ್‌1ಎ ಎಂಬ ಜೀನಿನಲ್ಲಿ ದೋಷವಿದೆಯೆಂದು ಉತ್ತರ ಬಂತು.

ನಮಗೆ ತಿಳಿದಷ್ಟು ಹೇಳುತ್ತೇವೆ. ಈ ಜೀನು 12ನೇ ವರ್ಣತಂತುವಿನಲ್ಲಿದೆ. ಅದರಿಂದಾಗುವ ಪ್ರೋಟೀನು ಬೇರೆ ಜೀನುಗಳಿಗೆ ಕೆಲಸ ಮಾಡಲು ಅಪ್ಪಣೆ ಕೊಡುವ ಯಜಮಾನನಿದ್ದಂತೆ. ಅಪ್ಪಣೆ ತಪ್ಪಿದರೆ ಮೇದೋಜೀರಕ ಗ್ರಂಥಿ ಬೇಕಾದಷ್ಟು ಇನ್ಸುಲಿನ್ ಕೊಡುವುದಿಲ್ಲ. ತಂದೆ ಅಥವಾ ತಾಯಿಗೆ ದೋಷವಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಸಾಮಾನ್ಯವಾಗಿ 25 ವರ್ಷದೊಳಗೆ ಕಾಯಿಲೆ ಕಾಣಿಸುತ್ತದೆ. ಈ ಬಗೆಯ ಮಧುಮೇಹಕ್ಕೆ 'ಮೋಡಿ' ಎಂದು ಹೆಸರು. ನಮ್ಮ ಅಜ್ಜನವರ ಖಾತೆ ಪುಸ್ತಕಗಳ ಲಿಪಿಗೂ ಅದೇ ಹೆಸರು! ಈ ಜೀನಿನ ದೋಷ 1996ರಲ್ಲಿ ಪತ್ತೆಯಾಯಿತು. 2018ರಲ್ಲಿ ಚೆನ್ನೈನ ಡಾ. ವಿ. ಮೋಹನ್ ಮತ್ತು ಸಂಗಡಿಗರು ಇಂತಹ 152 ಭಾರತೀಯ ರೋಗಿಗಳ ಜೀನುಗಳ ವರದಿ ಪ್ರಕಟಿಸಿದರು. ಅವರಲ್ಲಿ ಹೆಚ್ಚಾಗಿ ಕಂಡದ್ದೂ ಇದೇ ಜೀನಿನ ದೋಷ.

ಇದಕ್ಕೆ ಸಲ್ಫೊನೈಲ್‌ಯೂರಿಯಾ ಗುಂಪಿನ ಹಳೆಯ, ಅಗ್ಗದ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ. ವೈದ್ಯರು ಎಚ್ಚರಿಕೆಯಿಂದ ನೋಡಿಕೊಳ್ಳುತ್ತಾ ಹುಡುಗನ ಸೂಜಿ ಬಿಡಿಸಿ ಮಾತ್ರೆಗೆ ತಂದರು. ಇದು ಎಲ್ಲ ಸಕ್ಕರೆ ಕಾಯಿಲೆಗೂ ಸಲ್ಲುವ ಮಾತಲ್ಲ. ಯಾರೂ ತಾವಾಗಿ ಇನ್ಸುಲಿನ್ ಬಿಡಬಾರದು.

ಅಕ್ಕನನ್ನೂ ಪರೀಕ್ಷಿಸಿದಾಗ ಅವಳಲ್ಲೂ ದೋಷವಿತ್ತು. ಗಂಡಿನ ಕಡೆಯವರಿಗೆ ನಾವೇ ಹೋಗಿ ಹೇಳಿದೆವು. ಆ ಸಂಬಂಧ ಕೂಡಲಿಲ್ಲ. ಮನೆಗೆ ಬಂದಾಗ ಹುಡುಗಿ, "ಚಿಕ್ಕಪ್ಪಾ, ಹೇಳಿದ್ದು ಒಳ್ಳೆಯದಾಯಿತು" ಎಂದಳು. ಹುಡುಗ ಏನೂ ಅನ್ನಲಿಲ್ಲ. ಅವನ ತೋಳಿನ ಚುಚ್ಚಿದ ಗುರುತು ನೋಡಿದಾಗಲೆಲ್ಲ ನಮಗೆ ಆ ಎರಡು ವರ್ಷಗಳ ನೆನಪಾಗುತ್ತದೆ.

ವೈದ್ಯರು ಮನೆತನದ ವಿಷಯ ಕೇಳಿದರೆ ಮೂರು ತಲೆಮಾರಿನ ಲೆಕ್ಕವನ್ನೂ ಬಿಚ್ಚಿ ಹೇಳಿರಿ.