ಡೇರೆಯ ತಾಲೀಮು

ಸ್ವೀಡನ್ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು, ಬರುವ ಜೂನ್ ಮಾಸದಲ್ಲಿ ಡೆನ್ಮಾರ್ಕಿನಿಂದ ಹೊರಟು, ಸ್ವೀಡನ್ ನಾರ್ವೆಗಳನ್ನು ಹಾಯ್ದು, ಆ ಋತುವಿನಲ್ಲಿ ಸೂರ್ಯಾಸ್ತವೆಂಬುದೇ ಇಲ್ಲದ ನಾರ್ಡ್‌ಕಾಪ್ ಭೂಶಿರದವರೆಗೆ ಫೋರ್ ವೀಲ್ ಡ್ರೈವ್ ಜೀಪಿನಲ್ಲಿ ಹೋಗಬೇಕೆಂದೂ, ದಾರಿಯುದ್ದಕ್ಕೂ ಹೋಟೆಲಿನ ಹಂಗಿಲ್ಲದೆ ಡೇರೆಯಲ್ಲಿಯೇ ರಾತ್ರಿಗಳನ್ನು ಕಳೆಯಬೇಕೆಂದೂ ಸಂಕಲ್ಪಿಸಿ, ಅರವತ್ತು ದಾಟಿದ ನನ್ನನ್ನೂ ಅದರಲ್ಲಿ ಸೇರಿಸಿಕೊಂಡದ್ದು ಅವನ ಔದಾರ್ಯವೋ ಅವಿವೇಕವೋ ಹೇಳಲಾರೆ. ಚಳಿಗಾಲದ ರಜೆಗೆಂದು ಬಾದನಹಟ್ಟಿಗೆ ಬಂದವನು ಪಡಸಾಲೆಯಲ್ಲಿ ಭೂಪಟವನ್ನು ಹರಡಿ, “ಮಾವ, ಮೊದಲು ಇಲ್ಲೇ ಒಂದು ತಾಲೀಮು ಆಗಲಿ. ನೆಲದ ಮ್ಯಾಲೆ ಮಲಗಿ ಎದ್ದರ ನಿಮ್ಮ ಸೊಂಟ ಏನಂತೈತಿ ನೋಡೋಣ” ಎಂದನು. ಸ್ನೇಹಿತರೊಬ್ಬರ ಹಳೆಯ ಜೀಪು ದೊರೆಯಿತು. ಸಿರುಗುಪ್ಪದ ಕಡೆಗೆ ಹೋಗಿ, ಕುರುಗೋಡಿನ ಮೇಲೆ ಹಾಯ್ದು, ಸಂಡೂರಿನ ಬೆಟ್ಟಗಳನ್ನು ಏರಿ ಮರಳುವುದೆಂದು ನಿಶ್ಚಯವಾಯಿತು.

ಹೊರಡುವ ಮುನ್ನಿನ ರಾತ್ರಿಗಳೆಲ್ಲ ಆ ದೂರದೇಶದ ಕಟ್ಟಳೆಗಳ ಅಧ್ಯಯನದಲ್ಲಿಯೇ ಕಳೆದವು. ನಾರ್ವೆಯಲ್ಲಿ 1957ರ ಕಾನೂನಿನ ಪ್ರಕಾರ ಸಾಗುವಳಿಯಾಗದ ನೆಲದಲ್ಲಿ ಯಾವ ದಾರಿಹೋಕನಾದರೂ ಡೇರೆ ಹೂಡಬಹುದು. ಆದರೆ ಜನವಸತಿಯುಳ್ಳ ಮನೆಯಿಂದ 150 ಮೀಟರ್ ದೂರವಿರಬೇಕು, ಮತ್ತು ಸಾಮಾನ್ಯವಾಗಿ ಎರಡು ರಾತ್ರಿಗಿಂತ ಹೆಚ್ಚು ಒಂದೇ ಕಡೆ ನಿಲ್ಲಬೇಕಾದರೆ ಒಡೆಯನ ಅಪ್ಪಣೆ ಬೇಕು. ಸ್ವೀಡನ್ನಿನಲ್ಲಿ ಪ್ರಕೃತಿಯು ಸರ್ವರಿಗೂ ತೆರೆದಿದೆಯೆಂಬ ಪುರಾತನ ಸಂಪ್ರದಾಯವನ್ನು 1994ರಲ್ಲಿ ಸಂವಿಧಾನದಲ್ಲಿಯೇ ಸೇರಿಸಿದ್ದಾರೆ. ಡೆನ್ಮಾರ್ಕಿನಲ್ಲಿ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಗೊತ್ತುಮಾಡಿದ ತಾಣಗಳಲ್ಲಿಯೇ ತಂಗತಕ್ಕದ್ದು. ಎಲ್ಲಕ್ಕಿಂತಲೂ ನನ್ನನ್ನು ಚಕಿತಗೊಳಿಸಿದ ಸಂಗತಿಯೆಂದರೆ, ಈ ಹಕ್ಕುಗಳೆಲ್ಲವೂ ಕಾಲ್ನಡಿಗೆಯವನಿಗೆ ಸಲ್ಲುವುವೇ ಹೊರತು ಅವನ ವಾಹನಕ್ಕಲ್ಲ. ರಸ್ತೆಯನ್ನು ಬಿಟ್ಟು ನೆಲದ ಮೇಲೆ ಮೋಟಾರು ಓಡಿಸುವುದನ್ನು ಸ್ವೀಡನ್ 1975ರಲ್ಲಿಯೂ ನಾರ್ವೆ 1977ರಲ್ಲಿಯೂ ಕಾನೂನಿನ ಮೂಲಕ ನಿಷೇಧಿಸಿವೆ. ಇನ್ನು ಬುತ್ತಿಯ ವಿಚಾರ. ಹಾಲು ಮಾಂಸಗಳಿಂದಾದ ಯಾವ ಪದಾರ್ಥವನ್ನೂ ಹೊರಗಿನ ಪ್ರಯಾಣಿಕನು ಯುರೋಪಿನ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲವೆಂದು ತಿಳಿದಾಗ, ಮನೆಯಾಕೆ ಆಗಲೇ ಕಾಯಿಸಿಟ್ಟಿದ್ದ ತುಪ್ಪದ ಡಬ್ಬಿಯು ಪಟ್ಟಿಯಿಂದ ಬಿತ್ತು. ಕಟಕ ರೊಟ್ಟಿಯೂ ಶೇಂಗಾ ಚಟ್ನಿಪುಡಿಯೂ ಉಳಿದುಕೊಂಡವು.

ತೆಕ್ಕಲಕೋಟೆಯ ಗುಡ್ಡದ ಬಳಿ ನಾವು ಮೊದಲು ಇಳಿದೆವು. 1963-64ರಲ್ಲಿ ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿ, ನವಶಿಲಾಯುಗದ ಜನರು ಈ ಬಂಡೆಗಳ ನಡುವಣ ಸಮತಟ್ಟುಗಳಲ್ಲಿ ದುಂಡನೆಯ ಗುಡಿಸಲುಗಳನ್ನು ಕಟ್ಟಿಕೊಂಡು ದನಗಳೊಡನೆ ಬಾಳಿದ್ದರೆಂಬುದನ್ನು ತೋರಿಸಿಕೊಟ್ಟ ಸ್ಥಳವಿದು. ಗಾಳಿಗೆ ಮರೆ, ಮಳೆನೀರು ನಿಲ್ಲದ ಇಳಿಜಾರು, ಕೆಳಗಿನ ಬಯಲಿನ ಮೇಲೆ ಕಣ್ಣು: ನನ್ನ ಅಳಿಯನ ಟಿಪ್ಪಣಿಪುಸ್ತಕದಲ್ಲಿ ಉತ್ತಮ ಬಿಡಾರದ ಲಕ್ಷಣಗಳೆಂದು ಬರೆದಿದ್ದವೆಲ್ಲವೂ ಅವರಿಗೆ ಪುಸ್ತಕವಿಲ್ಲದೆಯೇ ವೇದ್ಯವಾಗಿದ್ದವು.

ಸಂಜೆಗೆ ಸಿರುಗುಪ್ಪವನ್ನು ದಾಟಿ ಕೆಂಚನಗುಡ್ಡವನ್ನು ಸೇರಿದೆವು. ತುಂಗಭದ್ರೆಯು ಇಲ್ಲಿ ಬಂಡೆಗಳ ನಡುವೆ ಕವಲೊಡೆದು ಹರಿಯುವ ಪರಿಯೂ, ದಡದ ಮೇಲಣ ಕೋಟೆಯ ಶಿಥಿಲ ಗೋಡೆಗಳೂ, ಆಚೆಯ ಗದ್ದೆಗಳಿಂದ ಬರುವ ಕೊಯ್ದ ಭತ್ತದ ವಾಸನೆಯೂ ಕೂಡಿ, ಇಲ್ಲಿಯೇ ತಂಗಬೇಕೆಂಬ ಆಸೆಯನ್ನು ಹುಟ್ಟಿಸಿದವು. ಆದರೆ ಯಾರ ನೆಲದಲ್ಲಿ? ಅಳಿಯನು ಅಳತೆಯ ಪಟ್ಟಿಯನ್ನು ತೆಗೆಯುವಷ್ಟರಲ್ಲಿಯೇ ಹೊಲದ ಯಜಮಾನರು ಬಂದು ನಿಂತು, ಅರ್ಧ ಬಿಚ್ಚಿದ ಡೇರೆಯನ್ನೂ ನಮ್ಮ ಮುಖಗಳನ್ನೂ ನೋಡಿ, “ಯಾಕ್ರೀ, ಊರಾಗ ಗುಡಿ ಐತಿ, ನಮ್ಮ ಮನಿ ಐತಿ, ಇಲ್ಯಾಕ ಮಲಗ್ತೀರಿ? ಚಳಿ ಹತ್ತತೈತಿ” ಎಂದರು. ಸುಖವಿದ್ದೂ ಕಷ್ಟವನ್ನು ಅರಸಿ ಬಂದವರ ಸ್ಥಿತಿಯನ್ನು ಅವರಿಗೆ ಬಿಡಿಸಿ ಹೇಳುವುದು ನನ್ನಿಂದಾಗಲಿಲ್ಲ. ಅಷ್ಟು ದೂರದಲ್ಲಿ ಕುರುಬರು ಅದೇ ಯಜಮಾನರ ಹೊಲದಲ್ಲಿ ಕುರಿ ತರುಬಿ, ಬಲೆ ಕಟ್ಟಿ, ಒಲೆ ಹೂಡಿದ್ದರು. ಗೊಬ್ಬರಕ್ಕಾಗಿ ಹೊಲದವರೇ ಅವರನ್ನು ಕರೆಯಿಸಿ, ರಾತ್ರಿಗಿಷ್ಟೆಂದು ಕಾಳನ್ನೋ ಹಣವನ್ನೋ ಕೊಡುವುದು ನಮ್ಮ ಸೀಮೆಯ ವಾಡಿಕೆ. ನೆಲದ ಮೇಲೆ ಮಲಗುವವನಿಗೆ ನೆಲದ ಒಡೆಯನೇ ಹಣ ತೆರುವ ಈ ಏರ್ಪಾಡಿನ ಮುಂದೆ ನಾರ್ವೆಯ ಔದಾರ್ಯವೂ ನನಗೆ ಸಣ್ಣದಾಗಿ ಕಂಡಿತು. ನಾವಾದರೋ ಕೊಡಲು ಏನೂ ಇಲ್ಲದವರು. ಆದರೂ ಅಪ್ಪಣೆಯಾಯಿತು, ಜೊತೆಗೆ ಒಂದು ತಂಬಿಗೆ ಮಜ್ಜಿಗೆಯೂ ಬಂದಿತು.

ಮರುದಿನ ಕಾಲುವೆಯ ಏರಿಯ ಮೇಲೆ ಹತ್ತಿರದ ದಾರಿಯಿದೆಯೆಂದು ಯಾರೋ ಹೇಳಿದರು. ಎರೆಮಣ್ಣಿನ ಗುಣವನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಬಸಿನೀರು ನಿಂತ ಒಂದು ಕಡೆ ನಾಲ್ಕೂ ಗಾಲಿಗಳು ಏಕಕಾಲದಲ್ಲಿ, ಒಂದಕ್ಕೊಂದು ಮೇಲಾಟ ಹೂಡಿದಂತೆ ತಿರುಗುತ್ತ, ಜೀಪನ್ನು ಅಚ್ಚಿನವರೆಗೆ ಇಳಿಸಿದವು. ಭತ್ತದ ಹುಲ್ಲು ಹೇರುತ್ತಿದ್ದ ಟ್ರ್ಯಾಕ್ಟರೊಂದು ಬಂದು ಎಳೆದುಹಾಕಿತು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಏಕಶಿಲಾಮೂರ್ತಿಗೆ ಕೈಮುಗಿದು, ಹನ್ನೆರಡನೆಯ ಶತಮಾನದಲ್ಲಿ ಸಿಂದರು ಆಳಿದ ಆ ಬೆಟ್ಟದ ಬುಡದಲ್ಲಿ ಒಗ್ಗರಣೆ ಮಿರ್ಚಿ ತಿಂದು, ತೋರಣಗಲ್ಲಿನ ಕಡೆಗೆ ಹೊರಳಿದೆವು.

ಸಂಡೂರಿನ ವಿಷಯದಲ್ಲಿ ಮಾತ್ರ ನಾನು ಪಕ್ಷಪಾತಿ. ನಾರಿಹಳ್ಳವು ಬೆಟ್ಟವನ್ನು ಸೀಳಿ ಹಾಯುವ ಭೀಮಗಂಡಿ ಓಬಳಗಂಡಿಗಳ ಗಾಂಭೀರ್ಯವನ್ನೂ, ಕುಮಾರಸ್ವಾಮಿಯ ಗುಡಿಯ ಪಕ್ಕದಲ್ಲಿ ಬಾದಾಮಿ ಚಾಲುಕ್ಯರ ಕಾಲದ ಪಾರ್ವತೀ ದೇವಾಲಯದ ಸರಳಸೌಂದರ್ಯವನ್ನೂ ಕಂಡವನು ದೂರದ ಫಿಯೋರ್ಡುಗಳ ಚಿತ್ರಗಳಿಗೆ ಸುಲಭವಾಗಿ ಸೋಲನು. ಮೂರು ಸಾವಿರ ಅಡಿಗೂ ಮಿಕ್ಕ ಎತ್ತರದ ರಾಮನದುರ್ಗದಲ್ಲಿ, ಹತ್ತೊಂಬತ್ತನೆಯ ಶತಮಾನದ ಆಂಗ್ಲ ಸೈನಿಕರು ಆರೋಗ್ಯಕ್ಕೆಂದು ಬಂದು ತಂಗುತ್ತಿದ್ದ ಬಂಗಲೆಗಳ ಅವಶೇಷಗಳೂ, ಆರೋಗ್ಯ ದೊರೆಯದವರ ಸಮಾಧಿಗಳೂ ಇವೆ. ಅಲ್ಲಿ ತಂಗುವ ಆಸೆಯಿತ್ತು. ಆದರೆ ಕಾಡಿನೊಳಗೆ ಡೇರೆ ಹೂಡಲು ಅರಣ್ಯ ಇಲಾಖೆಯ ಅನುಮತಿ ಬೇಕಾದುದರಿಂದ, ಕೆಳಗಿಳಿದು ಪರಿಚಿತರ ತೋಟದಲ್ಲಿ ಮಲಗಿದೆವು.

ಇಳಿಯುವ ದಾರಿಯಲ್ಲಿ ಅದಿರು ಲಾರಿಗಳ ಸಾಲು ಹತ್ತಿತು. ಗಿಡಗಳ ಎಲೆ, ಮನೆಗಳ ಹೆಂಚು, ನಮ್ಮ ಜೀಪು, ನನ್ನ ಪಂಚೆ, ಎಲ್ಲವೂ ಒಂದೇ ಕೆಂಪು. ನಮ್ಮ ಉತ್ತರದ ದಾರಿಯಲ್ಲಿ ಕಿರುನಾ ಎಂಬ ಊರು ಬರುವುದೆಂದೂ, ಅದೂ ಕಬ್ಬಿಣದ ಅದಿರಿನ ಊರೇ ಎಂದೂ ಅಳಿಯನು ಆಗ ಹೇಳಿದನು. ಅಲ್ಲಿಯ ಅದಿರು 1903ರಲ್ಲಿ ಉದ್ಘಾಟನೆಯಾದ ರೈಲುಮಾರ್ಗದಿಂದ ನಾರ್ವಿಕ್ ಬಂದರಿಗೆ ಹೋಗುತ್ತದೆ; ನೆಲದಡಿಯ ಅಗೆತದಿಂದ ಊರೇ ಕುಸಿಯತೊಡಗಿದ ಕಾರಣ ಊರನ್ನೇ ಸ್ಥಳಾಂತರಿಸುತ್ತಿದ್ದಾರೆ, ಮತ್ತು 1912ರಲ್ಲಿ ಕಟ್ಟಿ ಮುಗಿಸಿದ ಮರದ ಇಗರ್ಜಿಯನ್ನು 2025ರ ಆಗಸ್ಟಿನಲ್ಲಿ ಇಡಿಯಾಗಿ ಎತ್ತಿ ಸುಮಾರು ಐದು ಕಿಲೋಮೀಟರ್ ಆಚೆಗೆ ಒಯ್ದಿಟ್ಟರು. ನಮ್ಮ ಕಡೆಯಲ್ಲಿ ಗಣಿಗಾರಿಕೆಯ ಅತಿರೇಕಕ್ಕೆ ತಡೆ ಬೀಳಲು 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಕೈಹಾಕಬೇಕಾಯಿತು. ನಿರ್ಬಂಧಗಳೊಡನೆ ಮತ್ತೆ ಪ್ರಾರಂಭವಾದ ಕೆಲಸದ ಕೆಂಪು ಧೂಳು ಇದು. ಅಗೆಯುವ ಆಸೆಯಲ್ಲಿ ಅವರೂ ನಮಗಿಂತ ಕಡಿಮೆಯವರಲ್ಲ. ಹಾನಿಯ ಲೆಕ್ಕವನ್ನು ಬರೆದಿಟ್ಟು ತೆರುವುದರಲ್ಲಿ ಮಾತ್ರ ನಮ್ಮನ್ನು ಹಿಂದೆ ಹಾಕಿದ್ದಾರೆ. ನಾರ್ಡ್‌ಕಾಪಿಗಿಂತ ಕಿರುನಾವನ್ನು ನೋಡುವ ಕುತೂಹಲವೇ ಈಗ ನನಗೆ ಅಧಿಕವಾಗಿದೆ.

ತಾಲೀಮಿನ ಫಲವಾಗಿ ಯೋಜನೆಯಲ್ಲಿ ಕೆಲವು ತಿದ್ದುಪಡಿಗಳಾದವು. ದಪ್ಪನೆಯ ಹಾಸಿಗೆಯೊಂದು ಸೇರಿತು. ಉತ್ತರದ ಸೊಳ್ಳೆಗಳ ಖ್ಯಾತಿಯನ್ನು ಕೇಳಿ ಪರದೆಯೂ ಸೇರಿತು. ದಾರಿಯನ್ನು ಬಿಡಲು ಕಾನೂನು ಒಪ್ಪದ ದೇಶದಲ್ಲಿ, ಬೇಸಗೆಯಲ್ಲಿ, ಒಳ್ಳೆಯ ಡಾಂಬರಿನ ಮೇಲೆ ನಾಲ್ಕು ಗಾಲಿಗಳ ಬಲವು ಕೇವಲ ಪೆಟ್ರೋಲಿನ ಖರ್ಚೆಂದು ಇಬ್ಬರೂ ಒಪ್ಪಿದ್ದರಿಂದ, ಜೂನಿನಲ್ಲಿ ನಾವು ಹೋಗುವುದು ಬಾಡಿಗೆಗೆ ತೆಗೆದ ಒಂದು ಸಾಧಾರಣ ಕಾರಿನಲ್ಲಿ.